ವೆಬ್ಲಿ ಮಾರ್ಕ್ 6 ರಿವಾಲ್ವರಿನಲ್ಲಿ .45 ಎಸಿಪಿ ತೋಟಾ: ಕೂರುತ್ತದೆ ಎಂದ ಮಾತ್ರಕ್ಕೆ ಹಾರಿಸಬಹುದೇ?

ಪ್ರಶ್ನೆ — ಶರಾವತಿತೀರ

ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದ ಓಹಾಯೋ ರಾಜ್ಯದಲ್ಲಿ ನೆಲೆಸಿದ್ದೇನೆ. ಮೊದಲ ಮಹಾಯುದ್ಧದ ಕಾಲದ ಸೈನಿಕ ವಸ್ತುಗಳನ್ನು ಸಂಗ್ರಹಿಸುವುದು ನನ್ನ ಹವ್ಯಾಸ. ಈಚೆಗೆ ಒಂದು ಹರಾಜಿನಲ್ಲಿ, ಬೇಕಾದ ಕಾಗದಪತ್ರಗಳನ್ನೆಲ್ಲ ಪೂರೈಸಿ, ವೆಬ್ಲಿ ಮಾರ್ಕ್ 6 ರಿವಾಲ್ವರ್ ಒಂದನ್ನು ಕೊಂಡುಕೊಂಡೆ. ಅದರ ಚೌಕಟ್ಟಿನ ಮೇಲೆ 1917 ಎಂಬ ಇಸವಿ ಸ್ಪಷ್ಟವಾಗಿ ಕಾಣುತ್ತದೆ. ನಳಿಗೆಯೊಳಗಿನ ಗೆರೆಗಳು ಚೆನ್ನಾಗಿವೆ, ನಡುವೆ ಬಾಗಿ ತೆರೆದುಕೊಳ್ಳುವ ಕೀಲೂ ಸಡಿಲವಾಗಿಲ್ಲ.

ಈ ಮಾದರಿಯು .455 ವೆಬ್ಲಿ ತೋಟಾಕ್ಕಾಗಿ ಮಾಡಿದ್ದು ಎಂದು ಓದಿದ್ದೇನೆ. ಆದರೆ ಮಾರಿದವರು, ಇದರ ಸಿಲಿಂಡರಿನ ಹಿಂಭಾಗವನ್ನು ಬಹಳ ಹಿಂದೆಯೇ ಸವರಿ ತೆಳುಮಾಡಿ .45 ಎಸಿಪಿಗೆ (ಕೋಲ್ಟ್ ಸ್ವಯಂಚಾಲಿತ ಪಿಸ್ತೂಲಿನ ತೋಟಾಕ್ಕೆ) ಪರಿವರ್ತಿಸಲಾಗಿದೆ, ಅಂಗಡಿಯಲ್ಲಿ ಸಿಗುವ ಯಾವ ಎಸಿಪಿ ತೋಟಾವನ್ನಾದರೂ ಹಾರಿಸಬಹುದು ಎಂದು ಹೇಳಿ, ಮೂರು ಮೂರು ತೋಟಾಗಳನ್ನು ಹಿಡಿದುಕೊಳ್ಳುವ ಅರ್ಧಚಂದ್ರಾಕಾರದ ಕ್ಲಿಪ್ಪುಗಳನ್ನೂ ಜೊತೆಗೆ ಕೊಟ್ಟರು. ತೋಟಾಗಳು ಸಲೀಸಾಗಿ ಕೂರುತ್ತವೆ, ಸಿಲಿಂಡರ್ ಅಡ್ಡಿಯಿಲ್ಲದೆ ತಿರುಗುತ್ತದೆ. ನಾನು ಇನ್ನೂ ಒಂದನ್ನೂ ಹಾರಿಸಿಲ್ಲ.

ಮಾರಿದವರ ಮಾತನ್ನು ನಂಬಬಹುದೇ? ಇಂಥ ಪರಿವರ್ತನೆಯನ್ನು ಯಾರು, ಏಕೆ ಮಾಡಿದರು? ಮುಂದೆ ಮೈಸೂರಿಗೆ ಮರಳುವಾಗ ಇದನ್ನು ಜೊತೆಯಲ್ಲಿ ತರಲು ಸಾಧ್ಯವೇ? ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ — ಹಳೇಕೋವಿ

ಮಾನ್ಯರೇ, ಆ ಕಾರ್ಖಾನೆ ತೋಟಾಗಳನ್ನು ದಯವಿಟ್ಟು ಹಾರಿಸಬೇಡಿ. ಮಾರಿದವರು ಹೇಳಿದ್ದರಲ್ಲಿ ಪರಿವರ್ತನೆಯಾಗಿದೆ ಎಂಬ ಅರ್ಧ ಸರಿ, ಯಾವ ತೋಟಾವನ್ನಾದರೂ ಹಾರಿಸಬಹುದು ಎಂಬ ಅರ್ಧ ಅಪಾಯಕಾರಿ.

ಏಕೆ ಮಾಡಿದರು ಎಂಬುದಕ್ಕೆ ಉತ್ತರ ಸರಳವಾಗಿದೆ. 1915ರಲ್ಲಿ ಬ್ರಿಟಿಷ್ ಸೇನೆ ಅಂಗೀಕರಿಸಿದ ಮಾರ್ಕ್ 6 ರಿವಾಲ್ವರನ್ನು ಬರ್ಮಿಂಗ್‌ಹ್ಯಾಮಿನ ವೆಬ್ಲಿ ಅಂಡ್ ಸ್ಕಾಟ್ ಕಂಪನಿಯೂ, 1921ರಿಂದ ಕೆಲವು ವರ್ಷ ಎನ್‌ಫೀಲ್ಡಿನ ಸರ್ಕಾರಿ ಕಾರ್ಖಾನೆಯೂ ತಯಾರಿಸಿದವು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಇಂಥ ಹಳೆಯ ರಿವಾಲ್ವರುಗಳು ಹೆಚ್ಚುವರಿ ಸರಕಾಗಿ ಅಮೆರಿಕಕ್ಕೆ ರಾಶಿರಾಶಿಯಾಗಿ ಬಂದು ಅಗ್ಗದ ಬೆಲೆಗೆ ಮಾರಾಟವಾದವು. ಅಲ್ಲಿ .455 ತೋಟಾ ಸುಲಭವಾಗಿ ಸಿಗುತ್ತಿರಲಿಲ್ಲ; .45 ಎಸಿಪಿ ಮಾತ್ರ, 1911ರ ಪಿಸ್ತೂಲಿನ ಕಾಲದಿಂದ ಅಮೆರಿಕದ ಸೇನೆಯದೇ ತೋಟಾವಾಗಿದ್ದುದರಿಂದ, ಎಲ್ಲ ಕಡೆ ಧಾರಾಳವಾಗಿತ್ತು. ತೋಟಾ ಸಿಗದ ರಿವಾಲ್ವರನ್ನು ಯಾರು ಕೊಳ್ಳುತ್ತಾರೆ? ಆದ್ದರಿಂದ ಆಮದುದಾರರು ಸಿಲಿಂಡರಿನ ಹಿಂಮೈಯನ್ನು ಸವರಿ, ಕ್ಲಿಪ್ಪಿನ ದಪ್ಪಕ್ಕೆ ಜಾಗ ಮಾಡಿ, ಮಾರಿಬಿಟ್ಟರು. ಅಂದರೆ ಈ ಪರಿವರ್ತನೆಯ ಹಿಂದೆ ಇದ್ದದ್ದು ವ್ಯಾಪಾರದ ಅಗತ್ಯ. ತಯಾರಿಸಿದ ಕಂಪನಿಗೂ ಈ ಕೆಲಸಕ್ಕೂ ಸಂಬಂಧವಿಲ್ಲ.

ಕ್ಲಿಪ್ಪು ಏಕೆ ಬೇಕು ಎಂಬುದನ್ನೂ ಹೇಳಿಬಿಡುತ್ತೇನೆ. .455 ತೋಟಾದ ಬುಡಕ್ಕೆ ಹೊರಚಾಚಿದ ಅಂಚು ಇರುತ್ತದೆ. ಅದು ಸಿಲಿಂಡರಿನ ಹಿಂಮೈಗೆ ತಾಗಿ ತೋಟಾವನ್ನು ತಡೆದು ನಿಲ್ಲಿಸುತ್ತದೆ, ರಿವಾಲ್ವರನ್ನು ತೆರೆದಾಗ ಹೊರತಳ್ಳುವ ನಕ್ಷತ್ರಾಕಾರದ ಭಾಗವೂ ಅದೇ ಅಂಚನ್ನು ಹಿಡಿಯುತ್ತದೆ. ಪಿಸ್ತೂಲಿಗಾಗಿ ಹುಟ್ಟಿದ ಎಸಿಪಿಗೆ ಅಂಥ ಅಂಚು ಇಲ್ಲ. ಮೊದಲ ಮಹಾಯುದ್ಧದಲ್ಲಿ ಪಿಸ್ತೂಲುಗಳು ಸಾಲದೆ ಹೋದಾಗ ಅಮೆರಿಕದ ಸೇನೆ ಕೋಲ್ಟ್ ಮತ್ತು ಸ್ಮಿತ್ ಅಂಡ್ ವೆಸನ್ ಕಂಪನಿಗಳಿಂದ 1917ರ ಮಾದರಿಯ ರಿವಾಲ್ವರುಗಳನ್ನು ಮಾಡಿಸಿಕೊಂಡಿತು, ಅವುಗಳಿಗಾಗಿಯೇ ಈ ಅರ್ಧಚಂದ್ರ ಕ್ಲಿಪ್ಪು ಬಳಕೆಗೆ ಬಂತು. ಆ ರಿವಾಲ್ವರುಗಳು ಮೊದಲಿನಿಂದಲೇ ಎಸಿಪಿಗಾಗಿ ತಯಾರಾದವು, ಅವುಗಳ ಚೌಕಟ್ಟು ಬಾಗಿ ತೆರೆಯದ ಅಖಂಡ ಚೌಕಟ್ಟು. ನಿಮ್ಮ ವೆಬ್ಲಿಯು ಅವುಗಳ ಕ್ಲಿಪ್ಪನ್ನು ಪಡೆಯಿತು, ಅವುಗಳ ಬಲವನ್ನು ಪಡೆಯಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. .455 ಮಾರ್ಕ್ 2 ತೋಟಾ 1897ರದು. ಕಪ್ಪು ಮದ್ದಿನ ಬದಲು ಕಾರ್ಡೈಟ್ ಎಂಬ ಹೊಗೆಯಿಲ್ಲದ ಮದ್ದು ಬಂದ ಮೇಲೆ ಅಷ್ಟು ಉದ್ದದ ಕೇಸು (ಮದ್ದು ತುಂಬುವ ಲೋಹದ ಕೊಳವೆ) ಬೇಡವೆಂದು ಅದನ್ನು ಗಿಡ್ಡ ಮಾಡಿದ ರೂಪ ಅದು. ಅದರ ಸೀಸದ ಗುಂಡು 265 ಗ್ರೇನ್, ಅಂದರೆ ಸುಮಾರು 17 ಗ್ರಾಂ ತೂಗುತ್ತದೆ. ವೇಗ ಸೆಕೆಂಡಿಗೆ ಸುಮಾರು 600 ಅಡಿ. ಭಾರವಾದ ಗುಂಡು, ನಿಧಾನವಾದ ಓಟ, ಒಳಗೆ ಕಡಿಮೆ ಒತ್ತಡ, ಇದು ಆ ವಿನ್ಯಾಸದ ಲೆಕ್ಕಾಚಾರ. ಸೇನೆಯ ಎಸಿಪಿ ಗುಂಡಿನ ತೂಕ 230 ಗ್ರೇನ್, ವೇಗ ಸೆಕೆಂಡಿಗೆ 830 ಅಡಿಯ ಆಸುಪಾಸು. ಗುಂಡು ಹಗುರವಾಗಿದ್ದರೂ ಅದು ಹೊರುವ ಶಕ್ತಿ .455ರ ಗುಂಡಿನದಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು. ಒತ್ತಡದ ಗರಿಷ್ಠ ಮಿತಿಯನ್ನು ನೋಡಿದರೆ .455ಕ್ಕೆ ಚದರ ಅಂಗುಲಕ್ಕೆ ಸುಮಾರು 13,000 ಪೌಂಡ್, ಎಸಿಪಿಗೆ 21,000 ಪೌಂಡ್.

ಆಯುಧವನ್ನು ಮಾರುಕಟ್ಟೆಗೆ ಬಿಡುವ ಮೊದಲು ಪರೀಕ್ಷಾಗೃಹದಲ್ಲಿ ಬೇಕೆಂದೇ ಹೆಚ್ಚು ಒತ್ತಡದ ತೋಟಾ ಹಾರಿಸಿ ನೋಡುವ ಪದ್ಧತಿ ಯೂರೋಪಿನಲ್ಲಿ ಇದೆ. ಕೈಪಿಸ್ತೂಲು ಮತ್ತು ರಿವಾಲ್ವರುಗಳಿಗೆ ಈಗ ಅಲ್ಲಿ ಪಾಲಿಸುವ ನಿಯಮದಂತೆ ಆ ಪರೀಕ್ಷಾ ಒತ್ತಡ ಮಾಮೂಲಿ ಮಿತಿಗಿಂತ ಶೇಕಡ 30ರಷ್ಟು ಹೆಚ್ಚಿರುತ್ತದೆ. ಅದನ್ನೇ ಅಳತೆಗೋಲಾಗಿ ಹಿಡಿದು .455ಕ್ಕೆ ಲೆಕ್ಕ ಹಾಕಿದರೆ ಸುಮಾರು 17,000 ಬರುತ್ತದೆ, 21,000 ಬರುವುದಿಲ್ಲ. ಅಂದರೆ ಮಿತಿಯ ಹತ್ತಿರದ ಎಸಿಪಿ ತೋಟಾ ಒಂದೊಂದೂ ನಿಮ್ಮ ನೂರು ದಾಟಿದ ರಿವಾಲ್ವರಿಗೆ ಪರೀಕ್ಷಾ ತೋಟಾಕ್ಕಿಂತ ಕಠಿಣವಾದ ಪೆಟ್ಟು. ಅಂಗಡಿಯ ಎಲ್ಲ ತೋಟಾಗಳೂ ಗರಿಷ್ಠ ಮಿತಿಯಲ್ಲೇ ಇರುವುದಿಲ್ಲ, ನಿಜ. ಆದರೆ ಯಾವುದು ಎಷ್ಟಿದೆ ಎಂದು ಪೆಟ್ಟಿಗೆಯ ಮೇಲೆ ಬರೆದಿರುವುದಿಲ್ಲ.

ಹಾಗಿದ್ದರೂ ದಶಕಗಳ ಕಾಲ ಹಾರಿಸಿದವರಿದ್ದಾರಲ್ಲ ಎಂದು ಯಾರಾದರೂ ಕೇಳಬಹುದು. ಇದ್ದಾರೆ. ಲೋಹ ಒಂದೇ ಪೆಟ್ಟಿಗೆ ಒಡೆಯಲೇಬೇಕೆಂದಿಲ್ಲ. ಕೀಲು ಸ್ವಲ್ಪ ಸ್ವಲ್ಪವೇ ಸಡಿಲವಾಗುತ್ತದೆ, ಮೇಲಿನ ಕೊಂಡಿಯ ಹಿಡಿತ ಸವೆಯುತ್ತದೆ, ಸಿಲಿಂಡರಿನ ಗೋಡೆಯಲ್ಲಿ, ಅದರಲ್ಲೂ ತಿರುಗುವಿಕೆಯನ್ನು ತಡೆಯಲು ಕೊರೆದ ಕಚ್ಚುಗಳಿರುವ ತೆಳುವಾದ ಜಾಗದಲ್ಲಿ, ಕಣ್ಣಿಗೆ ಕಾಣದ ಬಿರುಕು ಹುಟ್ಟುತ್ತದೆ. ನಿಮ್ಮ ಕೈಗೆ ಬರುವ ಮೊದಲು ಇದರಲ್ಲಿ ಯಾರು ಏನನ್ನು ಹಾರಿಸಿದ್ದರೋ ನಿಮಗೂ ಗೊತ್ತಿಲ್ಲ, ಮಾರಿದವರಿಗೂ ಗೊತ್ತಿರಲಾರದು.

ಉತ್ತರ — ಮಲೆನಾಡಿನ ಓದುಗ

ಹಳೇಕೋವಿಯವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಈ ಚರ್ಚೆಯನ್ನು ಓದಿದವರು ಪರಿವರ್ತನೆ ಎಂದರೆ ಎಲ್ಲವೂ ಕೆಟ್ಟದ್ದೇ ಎಂದುಕೊಂಡಾರು ಎಂಬ ಅಳುಕಿನಿಂದ ಎರಡು ಬೇರೆ ಉದಾಹರಣೆಗಳನ್ನು ಸೇರಿಸುತ್ತಿದ್ದೇನೆ.

ಅಮೆರಿಕದ ಅಂತರ್ಯುದ್ಧದ ಕಾಲದ ರಿವಾಲ್ವರುಗಳಲ್ಲಿ ಸಿಲಿಂಡರಿನ ಮುಂಭಾಗದಿಂದ ಮದ್ದು ಮತ್ತು ಗುಂಡನ್ನು ತುಂಬಿ, ಹಿಂದೆ ಸಿಡಿಗುಮುಟವನ್ನು (ಪೆಟ್ಟು ಬಿದ್ದಾಗ ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಿರಡೆ) ಸಿಕ್ಕಿಸಬೇಕಿತ್ತು. ಹಿತ್ತಾಳೆ ತೋಟಾ ಬಂದ ಮೇಲೆ ಸಿಲಿಂಡರಿನಲ್ಲಿ ಹಿಂದಿನಿಂದ ಮುಂದಿನವರೆಗೆ ಆರಪಾರ ರಂಧ್ರ ಬೇಕಾಯಿತು. ಆದರೆ ಅದರ ಪೇಟೆಂಟು 1855ರಿಂದ ರಾಲಿನ್ ವೈಟ್ ಎಂಬಾತನ ಹೆಸರಿನಲ್ಲಿತ್ತು. ಆತ ಅದರ ಬಳಕೆಯ ಹಕ್ಕನ್ನು ಸ್ಮಿತ್ ಅಂಡ್ ವೆಸನ್ ಕಂಪನಿಗೆ ಒಂದೊಂದು ರಿವಾಲ್ವರಿಗೆ 25 ಸೆಂಟಿನಂತೆ ಕೊಟ್ಟಿದ್ದ. ರೆಮಿಂಗ್ಟನ್ ಕಂಪನಿ 1868ರಲ್ಲಿ ಅವರಿಗೆ ಶುಲ್ಕ ಕಟ್ಟಿಯೇ ತನ್ನ ಸೇನಾ ರಿವಾಲ್ವರುಗಳನ್ನು ಪರಿವರ್ತಿಸಿತು. ಕೋಲ್ಟ್ ಕಾಯಿತು. 1869ರಲ್ಲಿ ಪೇಟೆಂಟಿನ ಅವಧಿ ಮುಗಿಯಿತು, ಅದನ್ನು ವಿಸ್ತರಿಸಲು ಅವಕಾಶ ಕೊಡುವ ಮಸೂದೆಯನ್ನು ಅಧ್ಯಕ್ಷ ಗ್ರಾಂಟ್ 1870ರಲ್ಲಿ ತಡೆಹಿಡಿದರು, ಆ ಬಳಿಕ ಕೋಲ್ಟಿನ ಕಾರ್ಖಾನೆಯಲ್ಲೇ ರಿಚರ್ಡ್ಸ್ ಮತ್ತು ಮೇಸನ್ ಅವರ ವಿಧಾನಗಳಲ್ಲಿ ಹಳೆಯ 1860ರ ಮಾದರಿಗಳು .44 ಕೋಲ್ಟ್ ತೋಟಾಕ್ಕೆ ಬದಲಾದವು. ಅಲ್ಲಿ ಬದಲಾದದ್ದು ತುಂಬುವ ರೀತಿ. ತೋಟಾದೊಳಗೆ ಇದ್ದದ್ದು ಅದೇ ಕಪ್ಪು ಮದ್ದು, ಬಲವೂ ಹೆಚ್ಚುಕಡಿಮೆ ಅಷ್ಟೇ. ಕೆಲಸ ಮಾಡಿದವರು ಆ ಉಕ್ಕನ್ನು ಬಲ್ಲ ತಯಾರಕರೇ. ಆದ್ದರಿಂದ ಅವು ಬಾಳಿದವು.

ಎರಡನೆಯ ಉದಾಹರಣೆಯಲ್ಲಿ ಬಲದ ಸಮಸ್ಯೆ ಇಲ್ಲ, ಅಳತೆಯ ಸಮಸ್ಯೆ ಇದೆ. ಎರಡನೆಯ ಮಹಾಯುದ್ಧದಲ್ಲಿ ಸ್ಮಿತ್ ಅಂಡ್ ವೆಸನ್ ಕಂಪನಿ ಬ್ರಿಟನ್ನಿಗಾಗಿ ಮಾಡಿದ ವಿಕ್ಟರಿ ಮಾದರಿಯು ಅಲ್ಲಿನ .38/200 ತೋಟಾಕ್ಕೆ ಹೊಂದಿತ್ತು. ಯುದ್ಧದ ನಂತರ ಅವು ಅಮೆರಿಕಕ್ಕೆ ಮರಳಿದಾಗ ವ್ಯಾಪಾರಿಗಳು ಚೇಂಬರನ್ನು, ಅಂದರೆ ಸಿಲಿಂಡರಿನಲ್ಲಿ ತೋಟಾ ಕೂರುವ ರಂಧ್ರವನ್ನು, ಮುಂದಕ್ಕೆ ಕೊರೆದು, ಉದ್ದವಾದ .38 ಸ್ಪೆಷಲ್ ತೋಟಾ ಹಿಡಿಯುವಂತೆ ಮಾಡಿದರು. ಎಷ್ಟೋ ರಿವಾಲ್ವರುಗಳ ನಳಿಗೆಯನ್ನೂ ಕತ್ತರಿಸಿ ಮೋಟು ಮಾಡಿದರು. ಚೌಕಟ್ಟು ಮೂಲತಃ .38 ಸ್ಪೆಷಲ್ ಹಾರಿಸುವ ಮಾದರಿಯದೇ ಆದ್ದರಿಂದ ಒತ್ತಡವನ್ನು ತಾಳಿಕೊಂಡಿತು. ಆದರೆ ಹಳೆಯ ತೋಟಾ ಹೊಸದಕ್ಕಿಂತ ದಪ್ಪ. ಕೊರೆಯುವ ಉಪಕರಣ ಲೋಹವನ್ನು ತೆಗೆಯಬಲ್ಲದು, ಮರಳಿ ತುಂಬಲಾರದು. ಹೀಗಾಗಿ ಚೇಂಬರಿನ ಹಿಂಭಾಗ ಅಗಲವಾಗಿಯೇ ಉಳಿದು, ಹಾರಿಸಿದಾಗ ತೆಳ್ಳನೆಯ ಕೇಸು ಬುಡದಲ್ಲಿ ಉಬ್ಬುತ್ತದೆ, ಕೆಲವೊಮ್ಮೆ ಉದ್ದಕ್ಕೂ ಸೀಳುತ್ತದೆ. ಗುಂಡಿನ ವ್ಯಾಸವೂ ನಳಿಗೆಗೆ ಕಡಿಮೆಯಾಗಿ ಗುರಿ ಚದುರುತ್ತದೆ.

ವೆಬ್ಲಿಯಲ್ಲಿ ಅಳತೆ ಬಹುಮಟ್ಟಿಗೆ ಹೊಂದಿತು, ಬಲ ಹೊಂದಲಿಲ್ಲ. ವಿಕ್ಟರಿಯಲ್ಲಿ ಬಲ ಹೊಂದಿತು, ಅಳತೆ ಹೊಂದಲಿಲ್ಲ. ನನ್ನ ಅಭಿಪ್ರಾಯದಲ್ಲಿ ಮೊದಲನೆಯದೇ ಹೆಚ್ಚು ಮೋಸದ್ದು, ಏಕೆಂದರೆ ಸೀಳಿದ ಕೇಸು ಕೈಗೆ ಬಂದಾಗ ಯಾರಾದರೂ ಎಚ್ಚೆತ್ತುಕೊಳ್ಳುತ್ತಾರೆ. ಸರಾಗವಾಗಿ ಕೂತು ಸರಾಗವಾಗಿ ಸಿಡಿಯುವ ತೋಟಾ ಯಾವ ಸೂಚನೆಯನ್ನೂ ಕೊಡುವುದಿಲ್ಲ.

ಮರುಪ್ರಶ್ನೆ — ಶರಾವತಿತೀರ

ಇಬ್ಬರಿಗೂ ಧನ್ಯವಾದಗಳು. ಎಸಿಪಿ ತೋಟಾಗಳ ಪೆಟ್ಟಿಗೆಯನ್ನು ಬೇರೆ ಕಡೆ ಎತ್ತಿಟ್ಟಿದ್ದೇನೆ. ಇನ್ನೂ ಮೂರು ಸಂದೇಹಗಳಿವೆ. ಇಟಲಿಯ ಫಿಯೋಕಿ ಕಂಪನಿಯ .455 ತೋಟಾ ಇಲ್ಲಿ ಸಿಗುತ್ತದೆ; ಮೂಲ ತೋಟಾವೇ ಆದ್ದರಿಂದ ಅದನ್ನು ಹಾರಿಸಬಹುದಲ್ಲವೇ? ಒಬ್ಬ ಪರಿಚಿತರು .45 ಆಟೋ ರಿಮ್ ಎಂಬ ತೋಟಾ ಬಳಸಿದರೆ ಕ್ಲಿಪ್ಪೂ ಬೇಡ, ಚಿಂತೆಯೂ ಬೇಡ ಎಂದರು, ಅದು ಸರಿಯೇ? ನಳಿಗೆಯ ಮೇಲೆ 6 ಟನ್ ಎಂಬ ಮುದ್ರೆ ಇರುವುದು ಈಗ ಕಣ್ಣಿಗೆ ಬಿತ್ತು, ಅದರ ಅರ್ಥವೇನು?

ಉತ್ತರ — ಹಳೇಕೋವಿ

ಕೊನೆಯದರಿಂದ ಆರಂಭಿಸುತ್ತೇನೆ. ಅದು ಬ್ರಿಟನ್ನಿನ ಪರೀಕ್ಷಾಗೃಹದ ಮುದ್ರೆ. ಸೇನೆಯಿಂದ ಹೊರಬಿದ್ದ ಆಯುಧವನ್ನು ಅಲ್ಲಿ ಖಾಸಗಿಯವರಿಗೆ ಮಾರುವ ಮೊದಲು ಪರೀಕ್ಷೆಗೆ ಒಳಪಡಿಸಿ, ಯಾವ ತೋಟಾ, ಎಷ್ಟು ಉದ್ದದ ಕೇಸು, ಚದರ ಅಂಗುಲಕ್ಕೆ ಎಷ್ಟು ಟನ್ ಒತ್ತಡ ಎಂಬುದನ್ನು ಲೋಹದ ಮೇಲೆ ಒತ್ತುತ್ತಿದ್ದರು. ಬ್ರಿಟಿಷ್ ಟನ್ನಿಗೆ 2,240 ಪೌಂಡ್, ಆರು ಟನ್ನಿಗೆ 13,440. ಹಳೆಯ ಕಾಲದಲ್ಲಿ ತಾಮ್ರದ ತುಂಡು ಎಷ್ಟು ಚಪ್ಪಟೆಯಾಯಿತು ಎಂದು ನೋಡಿ ಒತ್ತಡವನ್ನು ಅಳೆಯುತ್ತಿದ್ದರು, ಇಂದಿನ ವಿದ್ಯುತ್ ಸಂವೇದಕದ ಅಂಕಿಗಳನ್ನು ಅದರ ಪಕ್ಕದಲ್ಲಿ ಇಟ್ಟು ಕೂಡಿ ಕಳೆಯುವುದು ಶಾಸ್ತ್ರೀಯವಾಗಿ ಸರಿಯಲ್ಲ. ಆದರೂ ನಿಮ್ಮ ಪ್ರಶ್ನೆಗೆ ಬೇಕಾದಷ್ಟು ಉತ್ತರ ಆ ಮುದ್ರೆಯಲ್ಲೇ ಇದೆ: ಅದನ್ನು ಹಾಕಿದವರ ಮನಸ್ಸಿನಲ್ಲಿ ಇದ್ದದ್ದು .455, ಎಸಿಪಿ ಅಲ್ಲ.

ಫಿಯೋಕಿ ತೋಟಾ ಒತ್ತಡದ ದೃಷ್ಟಿಯಿಂದ ಸರಿ. ಆದರೆ ನಿಮ್ಮ ಸಿಲಿಂಡರ್ ಈಗ ಮೂಲ ಸಿಲಿಂಡರ್ ಅಲ್ಲ. ಹಿಂಮೈ ಸವೆದಿರುವುದರಿಂದ .455 ತೋಟಾದ ತೆಳುವಾದ ಅಂಚು ಇರಬೇಕಾದ್ದಕ್ಕಿಂತ ಮುಂದೆ ಹೋಗಿ ಕೂರುತ್ತದೆ, ಅದರ ಹಿಂದೆ ಖಾಲಿ ಜಾಗ ಉಳಿಯುತ್ತದೆ. ಆಗ ಸುತ್ತಿಗೆಯ ಮೊನೆ ಸರಿಯಾಗಿ ತಾಗದೆ ತೋಟಾ ಸಿಡಿಯದಿರಬಹುದು; ಸಿಡಿದರೆ ಕೇಸು ಆ ಜಾಗವನ್ನು ದಾಟಿ ಹಿಂದಕ್ಕೆ ಬಡಿಯುತ್ತದೆ, ಬುಡದ ಸಿಡಿಗುಮುಟ ಹೊರಚಾಚಿ ಸಿಲಿಂಡರ್ ತಿರುಗದಂತೆ ಸಿಕ್ಕಿಹಾಕಿಕೊಳ್ಳಬಹುದು. ಪರಿವರ್ತನೆಯ ದೊಡ್ಡ ನಷ್ಟ ಇದೇ. ಹೊಸ ತೋಟಾಕ್ಕೆ ರಿವಾಲ್ವರಿನ ಬಲ ಸಾಲದು, ಹಳೆಯ ತೋಟಾಕ್ಕೆ ಅದರ ಅಳತೆ ಉಳಿದಿಲ್ಲ.

ಆಟೋ ರಿಮ್ ತೋಟಾವನ್ನು ಪೀಟರ್ಸ್ ಕಂಪನಿ 1920ರಲ್ಲಿ, ನಾನು ಹಿಂದೆ ಹೇಳಿದ 1917ರ ಅಮೆರಿಕನ್ ರಿವಾಲ್ವರುಗಳಿಗಾಗಿ ತಂದಿತು. ಎಸಿಪಿಗೆ ದಪ್ಪನೆಯ ಅಂಚು ಜೋಡಿಸಿದ ರೂಪ ಎಂದು ತಿಳಿಯಿರಿ. ಆ ಅಂಚಿನ ದಪ್ಪ ಕ್ಲಿಪ್ಪಿನ ಜಾಗವನ್ನು ತುಂಬುತ್ತದೆ. ಆದ್ದರಿಂದ ನಿಮ್ಮ ಸಿಲಿಂಡರಿನಲ್ಲೂ ಅದು ಚೆನ್ನಾಗಿ ಕೂರುತ್ತದೆ. ಆದರೆ ಅಂಚು ಸೇರಿತೆಂದು ಒತ್ತಡ ಇಳಿಯುವುದಿಲ್ಲ. ಕಾರ್ಖಾನೆಯ ಆಟೋ ರಿಮ್ ತೋಟಾ ಆ ಗಟ್ಟಿಮುಟ್ಟಾದ ಅಮೆರಿಕನ್ ರಿವಾಲ್ವರುಗಳ ಲೆಕ್ಕದಲ್ಲಿ ತುಂಬಿದ್ದು, ನಿಮ್ಮ ಪರಿಚಿತರು ಈ ಅಂಶವನ್ನು ಮರೆತಿದ್ದಾರೆ. ತೋಟಾ ತುಂಬುವುದರಲ್ಲಿ ನಿಜವಾದ ಅನುಭವವಿರುವವರು ಆಟೋ ರಿಮ್ ಕೇಸಿನಲ್ಲಿ ಮೆತ್ತನೆಯ ಸೀಸದ ಗುಂಡನ್ನಿಟ್ಟು .455ರ ಮಟ್ಟಕ್ಕೆ ಇಳಿಸಿದ ತೋಟಾ ಮಾಡಿಕೊಳ್ಳುತ್ತಾರೆ. ಗುಂಡು ಮೆತ್ತಗಿರಬೇಕಾದ್ದಕ್ಕೂ ಕಾರಣವಿದೆ: ಎಷ್ಟೋ ವೆಬ್ಲಿಗಳಲ್ಲಿ ಸಿಲಿಂಡರಿನ ಬಾಯಿ ಗುಂಡಿಗಿಂತ ಕಿರಿದು. ಹಿಂಭಾಗ ಟೊಳ್ಳಾದ ಮೂಲ ಸೀಸದ ಗುಂಡು ಅಲ್ಲಿ ಒತ್ತಿಕೊಂಡು ಹೊರಬಂದು, ನಳಿಗೆಯಲ್ಲಿ ಮತ್ತೆ ಅರಳಿ ಗೆರೆಗಳನ್ನು ಹಿಡಿಯುತ್ತಿತ್ತು. ತಾಮ್ರದ ಕವಚವಿರುವ ಗುಂಡು ಅಷ್ಟು ಸುಲಭವಾಗಿ ಮಣಿಯುವುದಿಲ್ಲ, ಒತ್ತಡ ಇನ್ನೂ ಏರುತ್ತದೆ. ಆ ತೋಟಾಗಳ ಅಳತೆಗಳನ್ನು ಇಲ್ಲಿ ಬರೆಯುವುದಿಲ್ಲ. ಆಯುಧವನ್ನು ಕೈಯಲ್ಲಿ ಹಿಡಿದು ನೋಡದವರು ಕೊಟ್ಟ ಅಂಕಿಯನ್ನು ನಂಬುವುದು ಮಾರಿದವರ ಮಾತನ್ನು ನಂಬಿದಷ್ಟೇ ತಪ್ಪು.

ಹಾರಿಸಲೇಬೇಕೆಂಬ ಆಸೆ ಇದ್ದರೆ, ಹಳೆಯ ಬ್ರಿಟಿಷ್ ರಿವಾಲ್ವರುಗಳನ್ನು ಬಲ್ಲ ಪರವಾನಗಿ ಪಡೆದ ಕೋವಿ ಕುಶಲಕರ್ಮಿಯಿಂದ ಸಿಲಿಂಡರಿನ ಬಿರುಕು, ಕೀಲಿನ ಸಡಿಲ, ಚೇಂಬರುಗಳು ನಳಿಗೆಯ ನೇರಕ್ಕೆ ಬಂದು ನಿಲ್ಲುತ್ತವೆಯೇ ಎಂಬುದು, ಇಷ್ಟನ್ನೂ ಮೊದಲು ಪರೀಕ್ಷೆ ಮಾಡಿಸಿ. ಸವರದ ಹಳೆಯ ಸಿಲಿಂಡರ್ ಬಿಡಿಯಾಗಿ ಸಿಕ್ಕರೆ ಅದನ್ನು ಅವರಿಂದಲೇ ಹೊಂದಿಸಿಕೊಂಡು .455 ಹಾರಿಸುವುದು ಎಲ್ಲಕ್ಕಿಂತ ಉತ್ತಮ ದಾರಿ. ಸಂಗ್ರಾಹಕರ ಕಣ್ಣಿನಲ್ಲಿ ಸವರದ ಮಾರ್ಕ್ 6ಕ್ಕೇ ಬೆಲೆ ಹೆಚ್ಚು, ಹಾಗಾಗಿ ಸಿಲಿಂಡರ್ ಸುಲಭವಾಗಿ ಸಿಗದು.

ಉತ್ತರ — ಕಾನೂನಿನ ಕಡತ

ಮೈಸೂರಿಗೆ ತರುವ ವಿಚಾರಕ್ಕೆ ಯಾರೂ ಉತ್ತರಿಸಿಲ್ಲವಾದ್ದರಿಂದ, ಬೆಂಗಳೂರಿನಲ್ಲಿ ವಕೀಲನಾಗಿರುವ ನಾನು ಸಂಕ್ಷಿಪ್ತವಾಗಿ ಬರೆಯುತ್ತೇನೆ.

ಭಾರತದಲ್ಲಿ ಜನಸಾಮಾನ್ಯರಿಗೆ ಪರವಾನಗಿಯ ಮೇಲೆ ಸಿಗುವ ಬೋರುಗಳಿಗೆ (ನಳಿಗೆಯ ಒಳ ಅಳತೆಗಳಿಗೆ) ಎನ್.ಪಿ.ಬಿ. ಎಂದೂ, ನಿರ್ಬಂಧಿತ ಬೋರುಗಳಿಗೆ ಪಿ.ಬಿ. ಎಂದೂ ಆಡುಮಾತಿನಲ್ಲಿ ಹೇಳುತ್ತಾರೆ. 1962ರ ಆಯುಧ ನಿಯಮಗಳ ಅನುಸೂಚಿಯು .380 ಅಥವಾ .455 ಅಂಚುಳ್ಳ ತೋಟಾವನ್ನು ಒಳಗೆ ಹಿಡಿದು ಹಾರಿಸಬಲ್ಲ ಯಾವುದೇ ಬೋರಿನ ರಿವಾಲ್ವರನ್ನು ನಿರ್ಬಂಧಿತ ವರ್ಗಕ್ಕೆ ಸೇರಿಸಿತ್ತು. ಅಲ್ಲಿನ ಮಾತು ಗಮನಿಸಿ: ಆಯುಧದ ಮೇಲೆ ಯಾವ ಹೆಸರು ಕೆತ್ತಿದೆ ಎಂಬುದು ಮುಖ್ಯವಲ್ಲ, ಅದು ಯಾವ ತೋಟಾವನ್ನು ಹಾರಿಸಬಲ್ಲದು ಎಂಬುದು ಮುಖ್ಯ. ಆದ್ದರಿಂದ ಇದು ಈಗ .455 ಅಲ್ಲ, ಪರಿವರ್ತಿತ ಎಂಬ ವಾದದಿಂದ ಹೆಚ್ಚು ಪ್ರಯೋಜನ ಕಾಣುವುದಿಲ್ಲ. ಶಾಶ್ವತವಾಗಿ ನೆಲೆ ಬದಲಿಸುವವರಿಗೆ ಒಂದು ಆಯುಧ ತರಲು ಸುಂಕ ಇಲಾಖೆ ಕೊಡುವ ಅವಕಾಶವೂ ಅನುಮತಿಸಿದ ಬೋರಿಗೆ, ಅದೂ ಷರತ್ತುಗಳೊಂದಿಗೆ, ಸೀಮಿತವಾಗಿದೆ. ಅದನ್ನು ಅಲ್ಲೇ ಕಾನೂನುಬದ್ಧವಾಗಿ ಮಾರಿ ಬರುವುದು ಮೇಲು.

ಭಾರತದಲ್ಲಿ ಕುಳಿತು ಈ ಚರ್ಚೆಯನ್ನು ಓದುತ್ತಿರುವವರಿಗೂ ಒಂದು ಮಾತು. 1959ರ ಆಯುಧ ಕಾಯ್ದೆಯ 5ನೇ ಕಲಮಿನಲ್ಲಿ ತಯಾರಿಕೆ ಮತ್ತು ಮಾರಾಟದ ಜೊತೆಯಲ್ಲೇ ದುರಸ್ತಿ, ಪರೀಕ್ಷೆ, ಪರಿವರ್ತನೆ ಎಲ್ಲವೂ ಸೇರಿವೆ. ಸ್ವಂತ ಆಯುಧದ ಪರವಾನಗಿ ಇದ್ದವರಿಗೂ ಅದನ್ನು ಬೇರೆ ತೋಟಾಕ್ಕೆ ಬದಲಿಸುವ ಹಕ್ಕು ಅದರಿಂದ ಬರುವುದಿಲ್ಲ. 2019ರ ತಿದ್ದುಪಡಿಯ ನಂತರ ಆ ಕಲಮನ್ನು ಉಲ್ಲಂಘಿಸಿದವರಿಗೆ ಕನಿಷ್ಠ ಏಳು ವರ್ಷದಿಂದ ಜೀವಾವಧಿಯವರೆಗೆ ಸೆರೆವಾಸ ವಿಧಿಸಬಹುದು.

ಪ್ರಾಸಂಗಿಕವಾಗಿ ಹೇಳುವುದಾದರೆ, ತೋಟಾ ಬದಲಿಸಬೇಕಾದ ಅಗತ್ಯ ನಮ್ಮ ದೇಶದಲ್ಲೂ ಬಂದಿತ್ತು, ಅದನ್ನು ನಿಭಾಯಿಸಿದ ರೀತಿ ಬೇರೆ. .38 ಬೋರು ನಾಗರಿಕರಿಗೆ ಸಿಗುವಂತಿಲ್ಲವಾದ್ದರಿಂದ ಕಾನ್ಪುರದ ಸರ್ಕಾರಿ ಶಸ್ತ್ರ ಕಾರ್ಖಾನೆಯು ವೆಬ್ಲಿಯದೇ .38 ಮಾರ್ಕ್ 4 ವಿನ್ಯಾಸವನ್ನು ಆಧಾರವಾಗಿಟ್ಟುಕೊಂಡು, .32 ಸ್ಮಿತ್ ಅಂಡ್ ವೆಸನ್ ಲಾಂಗ್ ತೋಟಾಕ್ಕೆ ಹೊಂದುವ ರಿವಾಲ್ವರನ್ನು ಹೊಸದಾಗಿಯೇ ತಯಾರಿಸಿತು. ಹಳೆಯ ಸಿಲಿಂಡರನ್ನು ಸವರುವ ಬದಲು ಹೊಸ ತೋಟಾಕ್ಕೆ ಹೊಸ ಸಿಲಿಂಡರ್, ಹೊಸ ನಳಿಗೆ ಮಾಡಿದರು. ಶರಾವತಿತೀರ ಅವರು ಮರಳಿ ಬಂದ ಮೇಲೂ ನಡು ಬಾಗುವ ರಿವಾಲ್ವರಿನ ಮೇಲೆ ಮನಸ್ಸಿದ್ದರೆ, ಪರವಾನಗಿಗೆ ಅರ್ಜಿ ಹಾಕಿ ಪಡೆಯಬಹುದಾದದ್ದು ಅದು.